ಕುಂಟಾನೆಯ ನಾಲ್ಕನೇ ಕಾಲು

ಮಾರ್ಚ್ 4, ಮಂಗಳವಾರ

ಇನ್ನೂರ ಹದಿನಾಲ್ಕು ಬೆಡ್‌ಶೀಟ್. ಎಲ್ಲಾ ಲಾಡ್ಜಿನವು. ಹೆಬ್ಬೆರಳು ಇಸ್ತ್ರಿಪೆಟ್ಟಿಗೆಗೆ ತಾಗಿ ಬೊಬ್ಬೆ ಎದ್ದಿದೆ. ಲಾಂಡ್ರಿ ಮಾಲಕಿ ನೋಡಿ, "ಬೆರಳು ಸುಟ್ರೆ ಚರ್ಮ ಮತ್ತೆ ಬರುತ್ತೆ, ಬೆಡ್‌ಶೀಟ್ ಬರಲ್ಲ" ಅಂದರು. ತಮಾಷೆಗೆ. ಅರ್ಧ ತಮಾಷೆಗೆ.

ಸಂಜೆ ಕಾಲು ಹೊಲಿಯಲು ಕೂತೆ. ಮೂರನೇ ಸಲ. ಮತ್ತೆ ಕ್ಯಾರೆಟ್ ಆಯ್ತು. ಅಕ್ಕ ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆನೆಗೆ ಕಾಲು ಹೊಲಿ ಅಂದ್ರೆ ಮೊಲಕ್ಕೆ ಊಟ ಹೊಲಿದಿದೀಯಲ್ಲೇ."

ಆನೆ ಅಂದರೆ ಕುಂಟಾನೆ. ಅಮ್ಮ ತನ್ನ ನೀಲಿ ಹೂವಿನ ನೈಟಿ ಹರಿದಾಗ ಅದರಲ್ಲಿ ಹೊಲಿದದ್ದು. ಇಬ್ಬರಿಗೂ ಸೇರಿ ಒಂದೇ. ಆಗ ನನಗೆ ಆರು ವರ್ಷ, ಅಕ್ಕನಿಗೆ ಹನ್ನೊಂದು. ಎಳೆದಾಡಿದೆವು. ಒಂದು ಕಾಲು ಕಿತ್ತು ನನ್ನ ಕೈಗೆ ಬಂತು. ಅವಳಿಗೂ ಸಿಗಬಾರದು ಅಂತ ಒಲೆಗೆ ಹಾಕಿದೆ. ಅಮ್ಮ ಕೇಳಿದಾಗ ಅಕ್ಕ, "ನಾಯಿ ಕಚ್ಕೊಂಡು ಹೋಯ್ತು" ಅಂದಳು. ನನ್ನನ್ನು ಉಳಿಸಲು. ನಾನು ನಡುವೆ ಬಾಯಿ ಹಾಕಿ, "ಇಲ್ಲ, ನಾನೇ ಸುಟ್ಟೆ" ಅಂದೆ. ಇಬ್ಬರಿಗೂ ಬಿತ್ತು.

ಹತ್ತನೇ ಕ್ಲಾಸಿನಲ್ಲೂ ಅದೇ ಕಥೆ. ಲೆಕ್ಕದ ಪರೀಕ್ಷೆಯಲ್ಲಿ ಕಾಪಿ ಹೊಡೆದೆ. ಯಾರೂ ನೋಡಿರಲಿಲ್ಲ. ಪೇಪರ್ ಕೊಡುವಾಗ ನಾನೇ ಹೇಳಿದೆ. ಆಮೇಲೆ ಆ ಶಾಲೆಯ ಗೇಟಿನೊಳಗೆ ಕಾಲಿಡಲಿಲ್ಲ. ಅವತ್ತೂ ಅಕ್ಕ ಅಂದದ್ದು ಒಂದೇ ಮಾತು: "ನಾಯಿ ಅನ್ನಬಾರದಿತ್ತಾ?"

ಅಮ್ಮ ಈಗ ಇಲ್ಲ. ಆ ನೈಟಿಯ ಬಟ್ಟೆ ಎರಡು ಗೇಣು ಉಳಿದಿದೆ. ಕಾಲು ಸರಿಯಾಗಿ ಬರುವವರೆಗೂ ಅದಕ್ಕೆ ಕತ್ತರಿ ಹಾಕಲ್ಲ. ಅಭ್ಯಾಸಕ್ಕೆ ಹರಿದ ದಿಂಬಿನ ಕವರ್ ಇದೆ. ಆನೆಯನ್ನು ಮಗುವಿಗೆ ಕೊಡಲು ಇನ್ನೂ ಎರಡು ತಿಂಗಳು ಟೈಮ್ ಇದೆ.

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ 3

ಟೈಮ್ ಇರಲಿಲ್ಲ. ನಿನ್ನೆ ಅಕ್ಕನಿಗೆ ಬೀಪಿ ಏರಿತು. ಕಣ್ಣು ಮಂಜು, ತಲೆ ಸಿಡಿತ. ಆಪರೇಷನ್ ಮಾಡಿ ಮಗು ತೆಗೆದರು. ಗಂಡು. ಒಂದು ಕೇಜಿ ಐವತ್ತು ಗ್ರಾಂ. ನಾಲ್ಕನೇ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಅಕ್ಕ ಎರಡನೇ ಮಹಡಿ. ಏಳುವ ಹಾಗಿಲ್ಲ.

ಭಾವನ ಫೋನಿನಲ್ಲಿ ಫೋಟೋ ನೋಡಿದಳು. ಬಹಳ ಹೊತ್ತು. "ಇದೇನು, ಒಂದು ಚಿಟಿಕೆ ಇದಾನೆ" ಅಂದಳು. ಹೆಸರು ಅದೇ ನಿಂತಿತು. ಚಿಟಿಕೆ.

ಭಾವ ಲಿಫ್ಟ್ ರಿಪೇರಿ ಮಾಡುವವರು. ಈ ಆಸ್ಪತ್ರೆಯ ಲಿಫ್ಟಿನಲ್ಲಿ ಗೋಡೆಗೆ ಕಿವಿ ಇಟ್ಟು ನಿಂತಿದ್ದರು. "ಎಣ್ಣೆ ಕಾಣಿಸಿಲ್ಲ ಇದಕ್ಕೆ." ಆಮೇಲೆ, "ನಿಂತ ಲಿಫ್ಟ್ ಆದ್ರೆ ಗುಂಡಿಗಿಳಿದು ನೋಡ್ತೀನಿ. ಇದನ್ನ ಏನು ಮಾಡ್ಲಿ, ಪುಟ್ಟಿ?"

ನಾನು ನಾಲ್ಕನೇ ಮಹಡಿಯ ಬಟನ್ ಒತ್ತಿದೆ.

ಮಾರ್ಚ್ 9, ಭಾನುವಾರ, ರಾತ್ರಿ 9

ಕುಂಟಾನೆ ತಗೊಂಡು ಹೋದೆ. ಬಾಗಿಲಲ್ಲೇ ತಡೆದರು. ಮಕ್ಕಳ ವಾರ್ಡಿನ ನರ್ಸ್ — ದಪ್ಪ ಕನ್ನಡಕ. ನಾನು ಮನಸ್ಸಿನಲ್ಲಿ ಕನ್ನಡಕ ಅಂತಲೇ ಕರೆಯುವುದು. ಅವರು ನನ್ನನ್ನು ಬಾಯಿ ಬಿಟ್ಟೇ "ಲಾಂಡ್ರಿ" ಅನ್ನುತ್ತಾರೆ.

"ಹಳೇ ಹತ್ತಿ, ಹಳೇ ಧೂಳು. ಒಳಗೆ ಬಿಡಲ್ಲ."

"ಮತ್ತೆ ಏನು ಕೊಡ್ಲಿ ಸಿಸ್ಟರ್? ಅವನ ಹತ್ರ ನಮ್ಮದು ಅನ್ನೋದು ಏನೂ ಇಲ್ಲ."

ಸ್ವಲ್ಪ ಯೋಚಿಸಿದರು. ಅಂಗೈಯಗಲದ ಎರಡು ಬಟ್ಟೆ ತಾ, ಅಂದರು. ಒಂದು ತಾಯಿಯ ಎದೆ ಮೇಲೆ ಒಂದು ದಿನ ಇರಲಿ. ಮಾರನೇ ದಿನ ಅದು ಮಗುವಿನ ತಲೆ ಹತ್ತಿರ. ಇನ್ನೊಂದು ತಾಯಿಗೆ. ಹೀಗೆ ಅದಲು ಬದಲು. "ಕಣ್ಣಿಗಿಂತ ಮೊದಲು ಇವಕ್ಕೆ ಮೂಗು ಕೆಲಸ ಮಾಡುತ್ತೆ. ಮೊದಲ ಸಲ ಮಾತ್ರ ತೊಳೆದು ತಾ. ಆಮೇಲೆ ನೀರು ಮುಟ್ಟಿಸಬೇಡ, ಲಾಂಡ್ರಿ. ವಾಸನೆ ಹೋಗುತ್ತೆ."

ಮೃದುವಾದ ಬಟ್ಟೆ ಮನೆಯಲ್ಲಿ ಒಂದೇ ಇತ್ತು, ಅಮ್ಮನ ನೈಟಿಯದು. ಕತ್ತರಿ ಹಾಕಿದೆ. ನಾಲ್ಕನೇ ಕಾಲು ಹೋಯಿತು. ಅಕ್ಕನಿಗೆ ಹೇಳಿದೆ. "ಕುಂಟಲಿ ಬಿಡು, ಇಷ್ಟು ವರ್ಷ ಕುಂಟಿದೆ" ಅಂದಳು. ಅಂಚು ಮಡಚಿ ಹೊಲಿದೆ. ಈ ಸಲ ಹೊಲಿಗೆ ನೇರವಾಗಿ ಬಂತು.

ಮಾರ್ಚ್ 11, ಮಂಗಳವಾರ

ಚಿಟಿಕೆ ಉಸಿರಾಡುವುದನ್ನು ಮರೆಯುತ್ತಾನೆ. ನಿಜವಾಗಿ. ಆಡುತ್ತಾ ಆಡುತ್ತಾ ನಿಂತುಬಿಡುತ್ತದೆ. ಮಿಷನ್ ಮೇಲಿನ ಅಂಕಿ, ರಕ್ತದಲ್ಲಿನ ಆಕ್ಸಿಜನ್ನಿನದು, ತೊಂಬತ್ತರ ಹತ್ತಿರ ಇರಬೇಕಂತೆ. ಜಾರುತ್ತದೆ. ಆಗ ಕನ್ನಡಕ ಪಾದಕ್ಕೆ ಬೆರಳಿನಿಂದ ಚಿಮ್ಮುತ್ತಾರೆ. "ಏಯ್, ಮರೆತೆಯಾ?" ಮತ್ತೆ ಶುರು.

ನಿನ್ನೆ ಒಂಬತ್ತು ಸಲ ಮರೆತ. ಇವತ್ತು ಬಟ್ಟೆ ಇಟ್ಟ ಮೇಲೆ ನಾಲ್ಕು ಸಲ.

"ಬಟ್ಟೆಯಿಂದ ಅಂತ ಹೇಳೋಕಾಗಲ್ಲ" ಅಂದರು ಕನ್ನಡಕ. ಅವರೂ ನಿಜ ಹೇಳುವವರೇ. ಆದರೂ ಎರಡನೇ ಮಹಡಿಗೆ ಮೆಟ್ಟಿಲಲ್ಲಿ ಓಡಿದೆ. ನಾಲ್ಕೇ ಸಲ, ಅಕ್ಕ. ಅವಳು ಎದೆ ಮೇಲಿನ ಬಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ತನ್ನನ್ನೇ ಹಿಂಡಿ ಅದಕ್ಕೆ ಇನ್ನಷ್ಟು ತುಂಬಿಸುವವಳ ಹಾಗೆ.

ಮಾರ್ಚ್ 12, ಬುಧವಾರ, ಬೆಳಗ್ಗೆ 11

ಅಕ್ಕನಿಗೆ ಫಿಟ್ಸ್ ಬಂತು. ಎರಡು ಸಲ. ಗಂಟಲಿಗೆ ಕೊಳವೆ. ನಿದ್ದೆಯ ಔಷಧಿ ಹಾಕಿ ಮಲಗಿಸಿದ್ದಾರೆ. ಎಷ್ಟು ದಿನ ಅಂದರೆ "ನೋಡೋಣ" ಅಂತಾರೆ. ಅವಸರದಲ್ಲಿ ಅವಳ ಗೌನ್ ಕತ್ತರಿಸಿ ತೆಗೆದರಂತೆ. ಎದೆ ಮೇಲಿದ್ದ ಬಟ್ಟೆ ಅದರ ಜೊತೆ ಹೋಯಿತು. ಕಸದ ಚೀಲಗಳನ್ನು ತೋರಿಸಿ ಅಂತ ಕೇಳಿದೆ. ಅಟೆಂಡರ್ ನನ್ನ ಮುಖ ನೋಡಿ, ಬೈಯದೆ, "ಆಗಲೇ ಸುಡೋಕೆ ಹೋಯ್ತು" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಕೊಳವೆ, ಪ್ಲಾಸ್ಟರ್, ಔಷಧಿ. ಅವಳ ಹತ್ತಿರ ಬಗ್ಗಿದರೆ ಅವಳ ವಾಸನೆಯೇ ಇಲ್ಲ.

ಮೇಲೆ ಮಗುವಿನ ಹತ್ತಿರ ಇರುವುದೊಂದೇ ಉಳಿದದ್ದು.

ಮಾರ್ಚ್ 13, ಗುರುವಾರ, ಸಂಜೆ 5

ಬರೆಯಲೇಬೇಕು. ಇಲ್ಲಾದರೂ.

ಬೆಳಗ್ಗೆ ಚಿಟಿಕೆ ಹಾಲು ಕಕ್ಕಿದ. ಬಟ್ಟೆಯ ಅಂಚಿಗೆ ತಾಗಿತು. ಕನ್ನಡಕ ಸಣ್ಣ ಕವರಿನಲ್ಲಿ ಹಾಕಿ ಕೊಟ್ಟರು. "ಅಂಚು ಮಾತ್ರ ಒದ್ದೆ ಹತ್ತಿಯಿಂದ ಒರೆಸಿ, ಒಣಗಿಸಿ ಸಂಜೆ ತಾ." ಹೂಂ ಅಂದೆ. ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡೆ. ಲಾಂಡ್ರಿಗೆ ಹೋದೆ. ನಾಲ್ಕು ದಿನದ ರಾಶಿ.

ಹಾಲಿನ ಕಲೆ ಒಣಗಿದರೆ ಕೂತುಬಿಡುತ್ತದೆ. ಕಂಡ ತಕ್ಷಣ ತಣ್ಣೀರಿಗೆ ಹಾಕಿ ಸೋಪು ಹಚ್ಚಬೇಕು. ಇದು ಮಾಲಕಿ ಮೊದಲ ದಿನ ಕಲಿಸಿದ ಪಾಠ. ಎರಡು ವರ್ಷದಿಂದ ತಲೆ ಇದಕ್ಕೆ ಬೇಕಾಗಿಲ್ಲ, ಕೈ ತಾನೇ ಮಾಡುತ್ತದೆ. ಜೇಬಿನಿಂದ ಅದನ್ನು ತೆಗೆದದ್ದು ನೆನಪಿದೆ. ಕಲೆ ಕಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ಇಸ್ತ್ರಿಯ ಹಬೆ ಮೂಗಿಗೆ ಬಂದದ್ದು. ಸೋಪು. ಬರೀ ಸೋಪು.

ಎಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ್ದೆ ಅಂದರೆ, ನಾಲ್ಕೂ ಮೂಲೆ ಒಂದರ ಮೇಲೊಂದು ಕೂತಿದ್ದವು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಾಲಕಿ ಏನಾಯ್ತು ಅಂದರು. ಹೇಳಿದೆ. ಅವರು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, "ಮನೆಗೆ ಹೋಗು ಮಗಾ" ಅಂದರು. ಮನೆ ಎಲ್ಲಿದೆ. ಅವಳು ಎರಡನೇ ಮಹಡಿಯಲ್ಲಿದ್ದಾಳೆ.

ಮಾರ್ಚ್ 14, ಶುಕ್ರವಾರ

ಕನ್ನಡಕಕ್ಕೆ ಹೇಳಿದೆ. ತೊಳೆದ ಬಟ್ಟೆಯನ್ನೇ ಇಡ್ತೀನಿ ಕೊಡು ಅಂದರು. "ನಿಮ್ಮಕ್ಕ ಎದ್ದು ಕೇಳಿದ್ರೆ ಇದೆ ಅಂತಾದ್ರೂ ಹೇಳಬಹುದು." ಕೊಡಲಿಲ್ಲ. ಅದು ಅಕ್ಕ ಅಲ್ಲ.

ಮತ್ತೆ ಕುಂಟಾನೆ ತಂದೆ. ಬಸುರಿಯಾದಾಗಿನಿಂದ ಅಕ್ಕ ಅದನ್ನು ಕೆನ್ನೆ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು. ಅದರ ಸೊಂಡಿಲಿನಲ್ಲಿ ಅವಳ ತಲೆಯೆಣ್ಣೆ ಇದೆ, ಬೆವರಿದೆ, ಅವಳೇ ಇದ್ದಾಳೆ. "ಐದು ನಿಮಿಷ ಸಿಸ್ಟರ್. ಪೆಟ್ಟಿಗೆ ಹೊರಗಿಂದಲೇ."

"ಅವನ ಶ್ವಾಸಕೋಶ ನೋಡಿದೀಯಾ? ಒಂದು ಸೋಂಕು ಸಾಕು. ಮುಗೀತು. ನಿನ್ನ ಸಂಕಟಕ್ಕೆ ನಾನು ಅವನನ್ನ ಕೊಡಲ್ಲ."

ಅವರು ಹೇಳಿದ್ದು ಸರಿ. ಅದೇ ಇನ್ನೂ ಕಷ್ಟ. ಹೊರಗಿನ ಬೆಂಚಿನ ಮೇಲೆ ಕುಂಟಾನೆಯನ್ನು ಮೂಗಿಗೆ ಒತ್ತಿಕೊಂಡು ಕೂತೆ. ವಾಸನೆ ನಾನೊಬ್ಬಳೇ ಖಾಲಿ ಮಾಡುತ್ತಿದ್ದೀನಿ ಅನ್ನಿಸಿತು. ಚೀಲಕ್ಕೆ ಹಾಕಿ ಗಂಟು ಹಾಕಿದೆ.

ಇವತ್ತು ಹನ್ನೊಂದು ಸಲ ಮರೆತ. ಬಟ್ಟೆಯಿಂದ ಅಂತ ಹೇಳೋಕಾಗಲ್ಲ. ಗೊತ್ತು. ಗೊತ್ತು.

ಮಾರ್ಚ್ 16, ಭಾನುವಾರ

ಹದಿಮೂರು ಸಲ. ಅಕ್ಕ ಹಾಗೇ ಇದ್ದಾಳೆ. ಭಾವನಿಗೂ ಹೇಳಿದೆ, ತೊಳೆದದ್ದು ನಾನೇ ಅಂತ. ಲಿಫ್ಟಿನೊಳಗೆ ಹೋದರು. ಮೇಲೆ ಹೋಗಿ ಕೆಳಗೆ ಬಂದರು. ಮತ್ತೆ ಮೇಲೆ.

ಮಾರ್ಚ್ 18, ಮಂಗಳವಾರ, ಬೆಳಗ್ಗೆ 10

ಎದ್ದಳು. ಔಷಧಿ ಕಡಿಮೆ ಮಾಡಿದ್ದಾರೆ. ಕೊಳವೆ ಇನ್ನೂ ಇದೆ, ಮಾತಿಲ್ಲ, ಪೇಪರ್ ಪೆನ್ ಕೊಟ್ಟಿದ್ದಾರೆ. ನಮಗೆ ಐದು ನಿಮಿಷ.

ಬಾಗಿಲಲ್ಲಿ ಭಾವ ನನ್ನ ತೋಳು ಹಿಡಿದರು. "ಬಟ್ಟೆ ವಿಷಯ ಕೇಳಿದ್ರೆ ಇದೆ ಅನ್ನು. ಬೀಪಿ ಏರಿದ್ರೆ ಮತ್ತೆ ಫಿಟ್ಸ್ ಬರಬಹುದು. ನಿನ್ನ ಜೀವಮಾನದಲ್ಲಿ ಒಂದೇ ಒಂದು ಸಲ, ಪುಟ್ಟಿ."

ತಲೆಯಾಡಿಸಿದೆ. ಸುಳ್ಳು ಹೇಳುವುದು ಅಂತ ನಿಶ್ಚಯ ಮಾಡಿಯೇ ಒಳಗೆ ಹೋದೆ.

ಅಕ್ಕ ಬರೆದಳು: ಚಿಟಿಕೆ?

"ಇದಾನೆ. ನಲವತ್ತು ಗ್ರಾಂ ಜಾಸ್ತಿ ಆಗಿದಾನೆ." ಅದು ನಿಜ.

ಬಟ್ಟೆ?

ಇದೆ ಅನ್ನುವುದು ನಾಲಿಗೆಯ ತುದಿಯವರೆಗೂ ಬಂತು. ಆದರೆ ಇದೆ ಅಂದರೆ, ಇನ್ನೊಂದು ಬಟ್ಟೆಗೆ ಅವಳ ವಾಸನೆ ಕೇಳುವುದು ಹೇಗೆ? ಅವಳು ನಿಶ್ಚಿಂತೆಯಿಂದ ಮಲಗುತ್ತಾಳೆ. ಅಲ್ಲಿ ಅವನು ಮರೆಯುತ್ತಾನೆ.

"ತೊಳೆದುಬಿಟ್ಟೆ, ಅಕ್ಕ. ನಾನೇ. ಇಸ್ತ್ರಿನೂ ಮಾಡ್ದೆ."

ಭಾವ ಕಣ್ಣು ಮುಚ್ಚಿಕೊಂಡರು. ಅದೇ ಹೊತ್ತಿಗೆ ಅವಳ ತೋಳಿನ ಬೀಪಿ ಪಟ್ಟಿ ತಾನಾಗಿ ಉಬ್ಬತೊಡಗಿತು. ನಾವು ಮೂವರೂ ಅದನ್ನೇ ನೋಡಿದೆವು. ಉಬ್ಬಿತು. ಇಳಿಯಿತು. ನೂರ ನಲವತ್ತಾರು. ಅಲ್ಲಿದ್ದ ನರ್ಸ್ ಬರೆದುಕೊಂಡು, "ಬೆಳಗ್ಗಿಂದ ಇಷ್ಟೇ ಇದೆ" ಅಂದರು.

ಅಕ್ಕ ಪೆನ್ ಕೇಳಿದಳು. ಒಂದು ಅಕ್ಷರಕ್ಕೆ ಒಂದು ಯುಗ. ಅಕ್ಷರಗಳು ಪಕ್ಕಕ್ಕೆ ಬಿದ್ದುಹೋಗಿದ್ದವು.

ನಾಯಿ

ಭಾವನಿಗೆ ಅರ್ಥ ಆಗಲಿಲ್ಲ. "ಯಾವ ನಾಯಿ? ಡಾಕ್ಟರನ್ನ ಕರೀಲಾ?" ನಾನು ನಗಲು ಹೋಗಿ ಅತ್ತೆ. ಅವಳು ಬೆರಳಿನಿಂದ ಗೌನಿನ ಕತ್ತು ಸ್ವಲ್ಪ ಎಳೆದು ತೋರಿಸಿದಳು. ಜೇಬಿನಲ್ಲಿದ್ದ ಬಟ್ಟೆ ತೆಗೆದೆ, ಅದೇ, ನಾಲ್ಕು ಮೂಲೆ ಕೂತದ್ದು. ಮಡಿಕೆ ಬಿಡಿಸಿ ಎದೆ ಮೇಲೆ ಇಟ್ಟೆ.

ಮಾರ್ಚ್ 19, ಬುಧವಾರ, ಬೆಳಗ್ಗೆ 10.20

ಒಂದು ದಿನ ಪೂರ್ತಿ ಬಿಟ್ಟೆ. ಇವತ್ತು ತೆಗೆದೆ. ಔಷಧಿ ವಾಸನೆ ಇದೆ. ಅದರ ಕೆಳಗೆ ಅವಳಿದ್ದಾಳಾ? ನನಗೆ ಗೊತ್ತಾಗಲಿಲ್ಲ. ಸುಳ್ಳು ಬರೆಯಲ್ಲ. ನನಗೆ ಗೊತ್ತಾಗಲಿಲ್ಲ.

ಭಾವ ಲಿಫ್ಟಿನ ಬಾಗಿಲು ಕಾಲಿನಿಂದ ತಡೆದು ನಿಂತಿದ್ದರು. ಲಾಂಡ್ರಿಗೆ ಹೋಗಲಿಲ್ಲ, ಜೇಬಿಗೂ ಹಾಕಲಿಲ್ಲ. ಕವರ್ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ.

10.45

ಕನ್ನಡಕ ಬಟ್ಟೆ ಇಟ್ಟರು. ನಾನು ಗಾಜಿನ ಈಚೆ, ಬೆಂಚಿನ ಮೇಲೆ. ಇಲ್ಲಿಂದ ಅಂಕಿ ಕಾಣುತ್ತದೆ.

ಎಂಬತ್ತೊಂದು. ಜಾರುತ್ತಿದೆ. ಎಪ್ಪತ್ತೆಂಟು. ಕನ್ನಡಕ ಪಾದದ ಹತ್ತಿರ ಬೆರಳು ತಂದಿದ್ದಾರೆ. ಚಿಮ್ಮಿಲ್ಲ. ಕಾಯ್ತಿದ್ದಾರೆ. ಅವನ ಮೂಗು ಬಟ್ಟೆ ಕಡೆ ತಿರುಗಿದೆ, ಅಥವಾ ನನಗೆ ಹಾಗೆ ಕಾಣುತ್ತಿದೆ. ಎಂಬತ್ತು. ಎಂಬತ್ತನಾಲ್ಕು. ಬೆರಳು ಹಾಗೇ ಇದೆ. ಎಂಬತ್ತೇಳು. ಕನ್ನಡಕ ನನ್ನ ಕಡೆ ನೋಡಿದರು. ಕೈ ತೊಳ್ಕೊಂಡು ಒಳಗೆ ಬಾ ಅಂತ ಸನ್ನೆ ಮಾಡ್ತಿದ್ದಾ—