ನ್ಯಾಯಕ್ಕೆ ಹಾಸಿದ ಕಂಬಳಿ

ಶಿರಾ, ೧೯೬೭

ನಿಯಾಜ್,

ಇವತ್ತು ನಿಮ್ಮಪ್ಪನನ್ನು ಹೊಡೆದುಬಿಟ್ಟೆ.

ಹೋಟೆಲಿನ ರೇಡಿಯೋದಲ್ಲಿ ಪ್ಯಾಲೆಸ್ತೀನ್ ನಿರಾಶ್ರಿತರ ಬಗ್ಗೆ ದೊಡ್ಡ ದೇಶಗಳು ನಡೆಸುತ್ತಿರುವ ಮಾತುಕತೆಯ ಸುದ್ದಿ ಬಂತು. ನಿಮ್ಮಪ್ಪ ಹಬೀಬ್ ಸಾಬರು ಲೋಟ ಕುಕ್ಕಿದರು. "ಆ ಜನಾನ ಎಲ್ಲಾದ್ರೂ ತಳ್ಳಿ ಕೂರಿಸ್ಲಿ ಕಣ್ಲಾ ರಂಗ. ಮೊದ್ಲೇ ಹಂಗೆ ಮಾಡಿದ್ರೆ ನನ್ ಮಗ ಗಾಜಾದಾಗೆ ಸಾಯ್ತಿರ್ಲಿಲ್ಲ."

ವಿಶ್ವಸಂಸ್ಥೆಯ ಶಾಂತಿಪಡೆಯ ಸಿಪಾಯಿಯಾಗಿ ಆ ಜನರ ನಡುವೆಯೇ ಸತ್ತವನು ನೀನು. ನನಗೆ ಸಿಟ್ಟು ನೆತ್ತಿಗೇರಿತು. ಒಲೆಯ ಪಕ್ಕದ ಸೌದೆ ಎತ್ತಿ ಅವರ ಬಾಯಿಗೆ ಬಾರಿಸಿದೆ. ಹಲ್ಲು ಉದುರಿದವು. ಬಿದ್ದವರ ಎದೆಗೂ ಒದ್ದೆ. ಬಿಳಿ ಗಡ್ಡವೆಲ್ಲ ರಕ್ತ.

ಸಂಜೆ ಬೀದಿಯ ಹಿರಿಯರು ನಮ್ಮ ಕುರುಬರ ಪದ್ಧತಿಯಂತೆ ನ್ಯಾಯ ತೀರ್ಮಾನಕ್ಕೆ ಕಂಬಳಿ ಹಾಸಿದರು. ಅದರ ಮೇಲೆ ಕೂತು ಆಡಿದ ಮಾತಿಗೆ ತಪ್ಪುವಂತಿಲ್ಲ. "ಪೊಲೀಸು ಗಿಲೀಸು ಬ್ಯಾಡ. ಸಾಬ್ರು ಈ ಬೀದಿ ಬುಟ್ಟು ಮಧುಗಿರಿಗೆ, ಮಗಳ ಮನೆಗೆ ಹೋಗ್ಲಿ. ಜಗಳ ಮುಗೀತದೆ," ಎಂದರು. ನಾನೂ ಹೂಂ ಎಂದೆ. ಆಸ್ಪತ್ರೆಯಲ್ಲಿ ಮಲಗಿದ್ದ ನಿಮ್ಮಪ್ಪನನ್ನು ಯಾರೂ ಕೇಳಲಿಲ್ಲ.

ರಜಕ್ಕೆ ಬಂದಾಗ ನನ್ನ ಮಗ್ಗದ ಹತ್ತಿರ ಕೂತು ನೀನು ಹೇಳಿದ್ದೆ: "ಆ ಜನರ ನ್ಯಾಯಕ್ಕೆ ದೊಡ್ಡೋರೆಲ್ಲಾ ಕಂಬಳಿ ಹಾಸ್ತಾರೆ ರಂಗ. ಅವರನ್ನ ಮಾತ್ರ ಕರಿಯಲ್ಲ."

ಇವತ್ತು ಹಾಸಿದ ಕಂಬಳಿ ನಾನು ನೇಯ್ದದ್ದು.