ಬಾಣ ನಾಟಿದ ಮೇಲೆ ಕುಣಿಯಬಾರದು

ಜೂನ್ ೪
ಬೆಳಿಗ್ಗೆ ಮತ್ತೆ ಅದೇ. ಬಿಲ್ಲಿನ ಹೆದೆ ಎಳೆದು ನೋಡಿದೆ, ಮೊಣಕಾಲು ಮಡಚಿ ನೋಡಿದೆ. ಹೆದೆ ಸರಿಯಿದೆ. ಕಾಲಿನ ಮಾತು ಬೇಡ. ಪ್ರಾಣಿಯ ಬಿಲದಲ್ಲಿ ಸಿಕ್ಕಿ ಮುರಿದ ಮೇಲೆ ಒಂದು ದೊಡ್ಡ ಪ್ರಾಣಿಯನ್ನೂ ಹೊಡೆದಿಲ್ಲ. ಚೂಮ್ಕ್ವೆ ಪೇಟೆಯ ಅಂಗಡಿಯಲ್ಲಿ ವಾಚ್‌ಮನ್ ಕೆಲಸ ಖಾಲಿ ಇದೆಯಂತೆ. ಹೆಂಡತಿ ಖ್ವಾನಾ ತಾನು ಹೇಳಲಿಲ್ಲ, ಬೇರೆಯವರಿಂದ ಹೇಳಿಸಿದಳು. ಈ ಸಲವೂ ಬರಿಗೈ ಆದರೆ ಬಿಲ್ಲು ಯಾರಿಗಾದರೂ ಕೊಟ್ಟು ಹೋಗಿ ಸೇರುತ್ತೇನೆ. ಬರೆದುಬಿಟ್ಟೆ.

ಜೂನ್ ೭
ಹಳೆ ಹೆಸರಿನ ಜೊತೆ ಬೇಟೆಗೆ ಹೊರಟೆ. ಆ ಮುದುಕನೂ ದಾಬೆ, ನಾನೂ ದಾಬೆ. ಅವನ ಹೆಸರನ್ನೇ ನನಗಿಟ್ಟದ್ದು. ಅದಕ್ಕೇ ಅವನು ಹಳೆ ಹೆಸರು, ನಾನು ಎಳೆ ಹೆಸರು. ಒಬ್ಬರಿಗೊಬ್ಬರು ಏನು ಬೇಕಾದರೂ ಅನ್ನಬಹುದು.
"ಏ ಎಳೆ ಹೆಸರು, ನೀನು ಕಾಲೆಳ್ಕೊಂಡು ಬರೋದ್ನ ನೋಡಿ ಆಮೆ ಕೂಡ ನಗುತ್ತೆ."
"ನಿನ್ನ ಕೆಮ್ಮು ಕೇಳಿ ಜಿಂಕೆಗಳೆಲ್ಲ ಗಡಿ ದಾಟಿ ಬೋಟ್ಸ್ವಾನಾ ಸೇರಿದ್ವು, ಹಳೆ ಹೆಸರು."
ಹೊಸ ಹೆಜ್ಜೆ ಒಂದೂ ಸಿಗಲಿಲ್ಲ.

ಜೂನ್ ೮, ಸಂಜೆ
ಕುಡು ಜಾತಿಯ ದೊಡ್ಡ ಜಿಂಕೆ! ಒಂಟಿ ಗಂಡು, ತಿರುಚಿದ ಕೊಂಬು. ಮುಳ್ಳಿನಲ್ಲಿ ಹೊಟ್ಟೆಯ ಮೇಲೆ ತೆವಳಿದೆ. ಮೊಣಕಾಲು ಉರಿ. ಒಮ್ಮೆ ತಲೆ ಎತ್ತಿ ನನ್ನತ್ತಲೇ ನೋಡಿತು. ಉಸಿರು ಬಿಗಿಹಿಡಿದೆ... ಎಷ್ಟು ಹೊತ್ತೋ. ಹೆದೆ ಬಿಟ್ಟೆ. ವಿಷದ ಬಾಣ ಪಕ್ಕೆಗೆ ನಾಟಿತು. ಅದು ಓಡಿತು.
ಆಮೇಲೆ ಮಾಡಬಾರದ್ದು ಮಾಡಿದೆ. ಕುಣಿದೆ. ಕೂಗಿದೆ. ಬಾಟಲಿ ಎತ್ತಿ ಗಟಗಟ ನೀರು ಕುಡಿದೆ.
ಹಳೆ ಹೆಸರು ತಲೆ ಮೇಲೆ ಕೈಹೊತ್ತು ಕೂತ. "ಥೂ! ನೀನು ಕುಣಿದ್ರೆ ಅದೂ ಕುಣಿಯುತ್ತೆ. ನೀನು ನೀರು ಕುಡಿದ್ರೆ ಅದಕ್ಕೆ ಜೀವ ಬರುತ್ತೆ. ಇಷ್ಟೂ ಮರೆತ್ಯಾ?"
ಮರೆತಿದ್ದೆ. ವಿಷ ಏರುವವರೆಗೆ ಪ್ರಾಣಿ ಹೇಗೆ ಸೊರಗಬೇಕೋ ಬೇಟೆಗಾರನೂ ಹಾಗೇ ಸೊರಗಿ ಕೂರಬೇಕು. ಅಳು ಬಂತು.

ಜೂನ್ ೯
ಏನೂ ತಿನ್ನದೆ, ಮಾತಾಡದೆ ಬೆಳಗಾಯಿತು. ಹೆಜ್ಜೆ ಹಿಡಿದು ಹೊರಟೆವು. ಗೊರಸಿನ ಗುರುತು ದೂರ ದೂರ, ಗಟ್ಟಿ — ಪ್ರಾಣಿ ಜಿಗಿಜಿಗಿದು ಓಡಿಹೋಗಿದೆ. ನನ್ನ ಕುಣಿತವೇ ಅದು. ವಾಪಸ್ ಹೋಗೋಣ ಅಂದೆ. ಮುದುಕ ಕಿವಿಗೇ ಹಾಕಿಕೊಳ್ಳಲಿಲ್ಲ.
ಬಿಸಿಲೇರಿದಾಗ ತಟ್ಟನೆ ಬಗ್ಗಿದ. ಮರಳಿನಲ್ಲಿ ಹಿಂಗಾಲು ಎಳೆದ ಗೀರು. ಎಡಗಾಲು. ಮುದುಕ ನನ್ನ ಮುರಿದ ಎಡಗಾಲು ನೋಡಿದ.
"ಕುಂಟು, ಎಳೆ ಹೆಸರು! ಚೆನ್ನಾಗಿ ಕುಂಟು! ಇವತ್ತು ನೆಟ್ಟಗೆ ನಡೆದ್ಯೋ, ಕೊಂದ್ಹಾಕ್ತೀನಿ."
ಎರಡು ವರ್ಷದಿಂದ ಮುಚ್ಚಿಡಲು ಹೆಣಗಿದ ಕಾಲನ್ನು ಮನಸಾರೆ ಎಳೆದುಕೊಂಡು ನಡೆದೆ. ನಗು ಉಕ್ಕುತ್ತಿತ್ತು, ನಗುವಂತಿಲ್ಲ!

ಜೂನ್ ೧೧
ಜಿಂಕೆ ಮುಳ್ಳುಗಿಡದ ನೆರಳಲ್ಲಿ ಸತ್ತು ಬಿದ್ದಿತ್ತು. ಕೊಬ್ಬಿದ ಪ್ರಾಣಿ. ಊರವರೆಲ್ಲ ಬಂದು ಮಾಂಸ ಹೊತ್ತು ತಂದರು.
ಪದ್ಧತಿ ಪ್ರಕಾರ ಅತ್ತೆ ಅಳಿಯನ ಜೊತೆ ನೇರ ಮಾತಾಡುವಂತಿಲ್ಲ. ನನಗೆ ಕೇಳುವಷ್ಟು ಜೋರಾಗಿ ಮಗಳಿಗೆ ಹೇಳಿದರು: "ಏನೇ ಖ್ವಾನಾ ಇದು, ಬರೀ ಮೂಳೆ! ಈ ಮೊಲ ಹೊರೋಕೆ ನಮ್ಮನ್ನೆಲ್ಲ ಕರೆಸಿದ್ನಾ?"
"ಹೌದು, ಬಡಕಲು. ಅಲ್ಲೇ ಬಿಟ್ಟು ಬರೋಣ ಅಂತಿದ್ದೆ" ಅಂದೆ, ನೆಲ ನೋಡುತ್ತಾ. ಎಲ್ಲರೂ ಬಿದ್ದು ಬಿದ್ದು ನಕ್ಕರು.
ನಮ್ಮಲ್ಲಿ ಬೇಟೆ ತಂದವನನ್ನು ಮಾತ್ರ ಹೀಗೆ ಹಂಗಿಸುವುದು. ಕಾಲು ಮುರಿದಾಗಿನಿಂದ ಈ ಜನ ಮೆತ್ತಗೆ ಮಾತಾಡಿಯೇ ನನ್ನನ್ನು ಸಾಯಿಸಿದ್ದರು. ಈಗ ಎಷ್ಟು ಸುಖವಾಗಿದೆ!
ಅತ್ತೆ ಇನ್ನೂ ನಿಲ್ಲಿಸಿಲ್ಲ. ಈಗ ತೊಡೆಯ ಮಾಂಸದ ಸರದಿ... ತಡಿ, ಅದನ್ನೂ ಕೇಳಿಸಿಕೊಂಡು ಬರೆ—