ಕಣ್ಣೆದುರೇ ಸುಟ್ಟಿದೆ

ಮಾರ್ಚ್ 8, 2014. ಶನಿವಾರ, ಮಧ್ಯಾಹ್ನ 12

ಸುಂಟರಗಾಳಿ ಸೈರನ್ನಿನ ಪರೀಕ್ಷೆ. ಪ್ರತಿ ಶನಿವಾರ ಇದೇ ಹೊತ್ತಿಗೆ ಕೂಗುತ್ತದೆ. ಗಡಿಯಾರಕ್ಕೆ ಕೀ ಕೊಟ್ಟೆ, ಮಾತ್ರೆ ನುಂಗಿದೆ. ಬೀನ್ಸ್ ಒಲೆಯ ಮೇಲಿದೆ. ಮಂಡಿ ನೋವು ಹಾಗೇ.

ಟಪಾಲಿನಲ್ಲಿ ವಕೀಲರ ಪತ್ರ. ಓಕ್ಲಹೋಮ ಸಿಟಿಯ ಪ್ರಿಸಿಲಾ ಓರ್ಟಿಸ್ ಅಂತೆ. ಡೆಲ್ಬರ್ಟ್ ಹಾಕ್‌ನ ಪರ. ಶಿಕ್ಷೆಯಾಗಿ ಎಷ್ಟೇ ವರ್ಷವಾಗಿದ್ದರೂ ಡಿಎನ್‌ಎ ಪರೀಕ್ಷೆ ಕೇಳಬಹುದು ಎಂದು ಹೊಸ ಕಾನೂನು ಬಂದಿದೆಯಲ್ಲ— ಉಳಿದ ರಾಜ್ಯಗಳಿಗೆಲ್ಲ ಬಂದಾದ ಮೇಲೆ ನಮ್ಮದಕ್ಕೆ. ಊಟ ಮುಗಿದ ಮೇಲೆ ಉಪ್ಪು ಬಡಿಸಿದ ಹಾಗೆ. ನಾನು ಕೋರ್ಟಿನ ಸಾಕ್ಷ್ಯದ ಕೋಣೆ ನೋಡಿಕೊಳ್ಳುತ್ತಿದ್ದವಳು, ಅದಕ್ಕೇ ಬುಧವಾರ ಬರುತ್ತಾಳಂತೆ.

ಡೆಲ್ಬರ್ಟ್. 1986ರ ಕೇಸು. ಅಂಗಡಿಯ ಮುದುಕಿಯನ್ನು ಕೊಂದವನು ಕಿಟಕಿ ಒಡೆದು ಓಡುವಾಗ ಕೈ ಕೊಯ್ದುಕೊಂಡಿದ್ದ, ಪರದೆಗೆಲ್ಲ ರಕ್ತ. ಓ ಗುಂಪು. ಡೆಲ್ಬರ್ಟ್‌ನದೂ ಓ. ಊರಿನ ಅರ್ಧ ಗಂಡಸರದೂ ಓ! ಹತ್ತೊಂಬತ್ತು ವರ್ಷದವನು, ಜೀವಾವಧಿ ಆಯಿತು.

ಮಾರ್ಚ್ 12, ಬುಧವಾರ

ಬಂದಿದ್ದಳು. ಚಿಕ್ಕ ಹುಡುಗಿ, ದೊಡ್ಡ ಚೀಲ. ಒಂದು ಹಾಳೆ ಮುಂದಿಟ್ಟಳು. 1998ರದು. 'ಹಳೆಯ ಸಾಕ್ಷ್ಯವಸ್ತುಗಳನ್ನು ನಮ್ಮ ಕಣ್ಣೆದುರೇ ಸುಡಲಾಗಿದೆ.' ಕೆಳಗೆ ನಮ್ಮ ಹೆಡ್ ಕ್ಲರ್ಕ್ ಹೋಬಾರ್ಟ್ ಪ್ರುಯಿಟ್ ಅವರ ಸಹಿ. ಪಕ್ಕದಲ್ಲಿ ನನ್ನದು— ಲೂಡೀನ್ ಪೋಗ್.

"ಸುಟ್ಟಿದ್ದನ್ನ ನೀವು ನೋಡಿದ್ರಾ ಮೇಡಂ?"

"ಬರ್ದಿದೆಯಲ್ಲಮ್ಮ."

"ಬರ್ದಿರೋದು ನಂಗೂ ಕಾಣ್ಸುತ್ತೆ. ನೋಡಿದ್ರಾ ಅಂತ ಕೇಳ್ದೆ."

ಇನ್ನೂ ಸ್ವಲ್ಪ ಕಾಫಿ ಹಾಕಲಾ ಅಂದೆ. ಬೇಡ ಅಂದಳು. ಇನ್ನೊಂದು ಕಾಗದ ತೆಗೆದಳು. 2005ರಲ್ಲಿ ಡೆಲ್ಬರ್ಟ್ ಜೈಲಿನಿಂದ ಬರೆದು ಕೇಳಿದ್ದನಂತೆ, ಆ ಪರದೆ ಇದೆಯಾ ಎಂದು. ಉತ್ತರದ ನಕಲು. ಒಂದೇ ಸಾಲು. 'ಸುಟ್ಟಿದೆ, ನಾನೇ ಸಾಕ್ಷಿ.' ನನ್ನದೇ ಟೈಪು. ಬರೆದದ್ದೂ ನೆನಪಿಲ್ಲ ನನಗೆ. ಥೂ.

ನಾನು ನೋಡಿರಲಿಲ್ಲ. 1998ರಲ್ಲಿ ಸಹಿ ಹಾಕಿದ ಆ ದಿನ ಶುಕ್ರವಾರ. ಶುಕ್ರವಾರ ಅಂದರೆ ನಮ್ಮ ಆಫೀಸಿನಲ್ಲಿ ಪೈ, ಹಣ್ಣು ತುಂಬಿ ಬೇಯಿಸಿದ ಸಿಹಿ ತಿಂಡಿ. ಸರದಿಯ ಮೇಲೆ ಒಬ್ಬೊಬ್ಬರು ಮಾಡಿ ತರಬೇಕು. ಮೂರು ಗಂಟೆಗೆ ಟೈಪ್‌ರೈಟರ್ ಎಲ್ಲ ಗಪ್‌ಚುಪ್. ಸೆಖೆಗೆ ಕಿಟಕಿ ತೆರೆದು, ಫ್ಯಾನಿನ ಮುಂದೆ ಕಾಲು ಚಾಚಿ ಕೂತು... ಹೋಬಾರ್ಟ್ ತಟ್ಟೆಗಳ ನಡುವೆಯೇ ಕಾಗದ ತಳ್ಳುತ್ತಿದ್ದರು. ನಾವು ಓದದೆ ಸಹಿ ಹಾಕುತ್ತಿದ್ದೆವು. ನಂಬಿಕೆ! ಆ ನಗು, ಆ ದಾಲ್ಚಿನ್ನಿ ವಾಸನೆ... ಆ ದಿನಗಳು ಮತ್ತೆ ಬರಲ್ಲ. ನನ್ನ ಬದುಕಿನ ಬಂಗಾರದ ಹೊತ್ತು ಅದು. ಅದೇ ಹೊತ್ತಿನಲ್ಲಿ ಒಬ್ಬನ ಬದುಕಿಗೆ ಬೀಗ ಹಾಕಿದ್ದೇನೆ, ಬೆರಳಿಗೆ ಸಕ್ಕರೆ ಅಂಟಿಸಿಕೊಂಡು.

ಮಾರ್ಚ್ 15, ಶನಿವಾರ, 12.05

ಸೈರನ್ ಕೂಗಿತು. ಸೌಟು ಕೈಯಿಂದ ಬಿತ್ತು.

1999ರ ಮೇ. ನಿಜವಾದ ಸೈರನ್. ಆಫೀಸಿನವರೆಲ್ಲ ಓಡಿದ್ದು ಹೋಬಾರ್ಟ್ ಮನೆಯ ನೆಲಮಾಳಿಗೆಗೆ. ಮೇಲೆ ಗಾಳಿ ರೈಲಿನ ಹಾಗೆ ಹೋಗುತ್ತಿತ್ತು. ಅವರ ಹೆಂಡತಿ ನೋವಲೀನ್ ಪೀಚ್ ಹಣ್ಣಿನ ಜಾಡಿ ತೆರೆದು ಎಲ್ಲರಿಗೂ ಒಂದೊಂದು ಹೋಳು ಕೊಟ್ಟಳು. ಸಾಯುವುದಾದರೆ ಸಿಹಿ ತಿಂದು ಸಾಯೋಣ ಎಂದು ಹೋಬಾರ್ಟ್ ನಗಿಸಿದರು. ನಾನು ಒಂದು ತಗಡಿನ ಪೆಟ್ಟಿಗೆಯ ಮೇಲೆ ಕೂರಲು ಹೋದೆ.

"ಅದ್ರ ಮೇಲ್ ಬೇಡ ಲೂಡೀನ್. ಅದು ಆಫೀಸಿಂದು," ಅಂದರು ಹೋಬಾರ್ಟ್.

ಹಳೆ ರಿಜಿಸ್ಟರು ಅಂದುಕೊಂಡಿದ್ದೆ. ಹದಿನೈದು ವರ್ಷ! ಸುಟ್ಟಿದೆ ಎಂದ ಸಾಮಾನೇ ಅದರಲ್ಲಿದ್ದರೆ?

ಮಾರ್ಚ್ 16, ಭಾನುವಾರ

ಚರ್ಚಿನಿಂದ ನೇರ ನೋವಲೀನ್ ಮನೆಗೆ. ಹೋಬಾರ್ಟ್ ತೀರಿಕೊಂಡು ಹದಿಮೂರು ವರ್ಷ, ಅವರ ಟೋಪಿ ಇನ್ನೂ ಗೂಟದಲ್ಲೇ. ವಿಷಯ ಹೇಳಿದೆ. ಮುಖ ಗಂಟಿಕ್ಕಿದಳು.

"ಸತ್ತೋರ ಹೆಸರು ಕೆಡಿಸ್ಬೇಡ್ವೇ. ಸುಳ್ಳು ಕಾಗದ ಬರ್ದ ಅಂತಾರೆ."

"ಸುಳ್ಳಿಗೆ ನಾನೂ ಸಹಿ ಹಾಕಿದೀನಿ ಕಣೆ."

"ನಿಂಗೆ ಗೊತ್ತಿರ್ಲಿಲ್ಲ."

"ಯಾಕೆ ಹೇಳ್ಲಿಲ್ಲ ಅವ್ರು ನಂಗೆ?"

"ನಿನ್ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ, ಅದಕ್ಕೆ!"

ಇಬ್ಬರಿಗೂ ನಗು ಬಂತು. ಆಮೇಲೆ ಅಳು. ಸುಡು ಎಂದು ಮೇಲಿನಿಂದ ಆಜ್ಞೆ ಬಂದಿತ್ತಂತೆ. 'ಮನುಷ್ಯ ಒಳಗಿರೋವರೆಗೂ ಅವನ ಸಾಮಾನು ಬೂದಿಯಾಗಬಾರದು' ಎಂದು ಹೋಬಾರ್ಟ್ ರಾತ್ರಿಯೆಲ್ಲ ಗೊಣಗಿದ್ದರಂತೆ. ಕೊನೆಗೆ ಅವಳೇ ಬೀಗದ ಕೈ ಎಸೆದಳು, "ಹೋಗು, ಇಳಿ."

ಪೀಚ್ ಜಾಡಿಗಳ ಹಿಂದೆ ಪೆಟ್ಟಿಗೆ. ಮುಚ್ಚಳ ಎತ್ತಿದೆ. ಪೊಟ್ಟಣಗಳನ್ನು ಮುಟ್ಟಲಿಲ್ಲ. ಮೇಲಿನದರ ಮೇಲೇ 'ಡೆಲ್ಬರ್ಟ್ ಹಾಕ್' ಎಂದು ಬರೆದಿತ್ತು. ಅಂಟುಪಟ್ಟಿ ಹರಿದಿಲ್ಲ, ಅದರ ಮೇಲೆ ಅಡ್ಡಲಾಗಿ ನನ್ನ ಸಣ್ಣ ಸಹಿ, 1986ರದು. ಎಷ್ಟು ಗುಂಡಾಗಿ ಬರೆಯುತ್ತಿದ್ದೆ ಆಗ. ಅಲ್ಲಿಂದಲೇ ಪ್ರಿಸಿಲಾಗೆ ಫೋನ್ ಮಾಡಿದೆ.

ಮೇ 20, ಮಂಗಳವಾರ

ಕೋರ್ಟು. ಹಳೆಯ ಬೆಂಚುಗಳಿಲ್ಲ, ಎಲ್ಲ ಪ್ಲಾಸ್ಟಿಕ್ಕು. ಪೆಟ್ಟಿಗೆ ಖಾಸಗಿ ನೆಲಮಾಳಿಗೆಯಲ್ಲಿತ್ತು, ಯಾರು ಬೇಕಾದರೂ ಕೈ ಹಾಕಿರಬಹುದು ಎಂದು ಸರ್ಕಾರಿ ವಕೀಲ ಎಗರಾಡಿದ. ಅಂಟುಪಟ್ಟಿ ನೋಡಿ, ಸಹಿ ನನ್ನದು ಎಂದೆ.

"ಸುಟ್ಟಿದೆ ಅಂತ್ಲೂ ನಿಮ್ದೇ ಸಹಿ ಇದೆಯಲ್ಲಮ್ಮ. ಆಗ ಎಲ್ಲಿದ್ರಿ?" ಜಡ್ಜ್ ಕೇಳಿದರು.

"ಪೈ ತಿಂತಿದ್ದೆ ಸ್ವಾಮಿ."

ಕೋರ್ಟೆಲ್ಲ ನಕ್ಕಿತು. ಡೆಲ್ಬರ್ಟ್ ನಗಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿದೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೊಸ ಕಾನೂನಿನ ಪ್ರಕಾರ ಪರೀಕ್ಷೆಗೆ ಆಜ್ಞೆ ಆಯಿತು.

ಸೆಪ್ಟೆಂಬರ್ 30

ಅವನದಲ್ಲ. ಪರದೆಯ ರಕ್ತ ಡೆಲ್ಬರ್ಟ್‌ನದಲ್ಲ. ಪ್ರಿಸಿಲಾ ಫೋನಿನಲ್ಲಿ ಅಳುತ್ತಿದ್ದಳು.

2005ರಲ್ಲಿ ಎದ್ದು ಹೋಗಿ ಒಂದು ಮಾತು ನೋವಲೀನ್‌ಗೆ ಕೇಳಿದ್ದರೆ... ಒಂಬತ್ತು ವರ್ಷ. ನನ್ನ ಲೆಕ್ಕದ್ದು ಆ ಒಂಬತ್ತು.

ಅಕ್ಟೋಬರ್ 24, ಶುಕ್ರವಾರ, ಮಧ್ಯಾಹ್ನ 2.40

ಡೆಲ್ಬರ್ಟ್ ಹೊರಗೆ ಬಂದು ಹತ್ತು ದಿನ. ನನ್ನನ್ನು ನೋಡಬೇಕಂತೆ, ಮೂರಕ್ಕೆ ಬರುತ್ತಾನೆ. ಬೈದರೆ ಬೈಸಿಕೊಳ್ಳಬೇಕು. ಪೀಚ್ ಪೈ ಒಲೆಯಲ್ಲಿಟ್ಟೆ. ನೋವಲೀನ್ ಜಾಡಿ ಕಳಿಸಿದಳು. ಇಟ್ಟ ಮೇಲೆ ಹೊಳೆಯಿತು— ಅವನಿಗೆ ಪೈ ಕೊಡುವುದೇ, ಮುಖ ಇದೆಯಾ ನನಗೆ? ತೆಗೆಯೋಣ ಅಂದರೆ ವಾಸನೆ ಆಗಲೇ ಮನೆಯೆಲ್ಲ ತುಂಬಿದೆ. ಅದೇ ವಾಸನೆ.

ಟ್ರಕ್ಕು ನಿಂತಿತು. ಬೇಗ ಬಂದಿದ್ದಾನೆ. ಗೇಟಿನ ಚಿಲಕ ಯಾವ ಕಡೆ ತೆಗೆಯಬೇಕೆಂದು ತಿಳಿಯದೆ, ಯಾರಾದರೂ ಬಂದು ತೆಗೆಯಲಿ ಎಂದು ನಿಂತೇ ಇದ್ದಾನೆ. ಕೈಯಲ್ಲಿ ಒಂದು ಹಳೆಯ ಲಕೋಟೆ. ನಮ್ಮ ಆಫೀಸಿನದು, ಇಲ್ಲಿಂದಲೇ ಗುರುತು ಸಿಗುತ್ತದೆ. ಒಳಗೆ ಆ ಒಂದು ಸಾಲು.

ಹೋಗಿ ನಾನೇ ಗೇಟು ತೆಗೆದು, ಮೊದಲು ಅವನ ಕ್ಷಮೆ ಕೇಳಬೇಕು. ಪೈ ಆಮೇಲೆ.